ದೇವರು ಮುರಗೆಪ್ಪನ ಕಡೆ ವಾಲಿದ್ದು

ಕರೋಶಿಯ ಮುರಗೆಪ್ಪನಿಗೆ ಬೆನ್ನು ನೋವು ಇರಲಿಲ್ಲ. ಈ ಸಂಗತಿಯನ್ನು ಅವನೇ ಊರಿಗೆಲ್ಲ ಹೇಳಿದ್ದ. ಕೇಳಿದವರಿಗೂ ಹೇಳಿದ್ದ, ಕೇಳದವರನ್ನು ಹಾದಿಯಲ್ಲಿ ನಿಲ್ಲಿಸಿಯೂ ಹೇಳಿದ್ದ. ಹಾಗೆ ಹೇಳುವಾಗ ಒಂದು ಕೈಯಿಂದ ಬೇವಿನ ಗಿಡವನ್ನೋ ಗಾಡಿಯ ಮೂಕಿಯನ್ನೋ ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದ ಎಂಬುದು ಬೇರೆ ಮಾತು.

ನಡೆದದ್ದು ಇಷ್ಟು. ಹನುಮಂತ ದೇವರ ಗುಡಿಯ ಮುಂದೆ ಒಂದು ಗುಂಡುಕಲ್ಲು ಬಿದ್ದಿದೆ. ಹರೆಯದವರು ಸಂಜೆ ಅದನ್ನು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಒಗೆಯುತ್ತಾರೆ. ಒಂದು ಸಂಜೆ ಅಲ್ಲಿ ಹಾದುಹೋಗುತ್ತಿದ್ದ ಮುರಗೆಪ್ಪ, ಮೀಸೆ ನೆರೆತಿದೆ ಎಂಬುದನ್ನು ಮರೆತು, "ನಮ್ಮ ಕಾಲದಾಗ ಇದನ್ನ ಚೆಂಡಿನಂಗ ಆಡಸತಿದ್ವಿ" ಎಂದುಬಿಟ್ಟ. ಅಂದ ಮೇಲೆ ಎತ್ತಲೇಬೇಕಾಯಿತು. ಕಲ್ಲು ಮೊಣಕಾಲಿನ ಮಟ್ಟಕ್ಕೆ ಬಂದಾಗ ಏನೋ ಲಟಕ್ ಎಂದಿತು. ಮುರಗೆಪ್ಪ ಕಲ್ಲನ್ನು ಬಹಳ ಗಂಭೀರವಾಗಿ ಕೆಳಗಿಟ್ಟು, "ಇವತ್ತ ಏಕಾದಶಿ. ನೆನಪ ಇರಲಿಲ್ಲ" ಎಂದು ಹೇಳಿ ಏಡಿಯಂತೆ ಅಡ್ಡಡ್ಡ ನಡೆಯುತ್ತ ಮನೆಗೆ ಹೋದ. ಅಂದು ಏಕಾದಶಿ ಆಗಿರಲಿಲ್ಲ.

ನೋವನ್ನು ಒಪ್ಪಿಕೊಳ್ಳಲು ಅವನಿಗೆ ಏನು ಅಡ್ಡಿಯಾಗಿತ್ತು ಎಂದು ಓದುಗರು ಕೇಳಬಹುದು. ಅಡ್ಡಿಯಾಗಿದ್ದವನು ಅವನ ಅಣ್ಣ ರಾವಸಾಹೇಬ. ಆ ಕಡೆ ಯಾರಿಗಾದರೂ ಟೊಂಕ ಹಿಡಿದರೆ ದವಾಖಾನೆಗೆ ಹೋಗುವುದು ಆಮೇಲಿನ ಮಾತು. ಮೊದಲು ಹೋಗುವುದು ಪಾಯಾಳುವಿನ ಕಡೆಗೆ. ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವನೇ ಪಾಯಾಳು. ಅವನು ಹಿಂದಿನಿಂದ ಟೊಂಕಕ್ಕೆ ಮೆಲ್ಲಗೆ ಒಂದು ಒದೆ ಕೊಟ್ಟರೆ ನೋವು ಬಿಟ್ಟುಹೋಗುತ್ತದೆ ಎಂದು ಎಲ್ಲರ ನಂಬಿಕೆ. ಕರೋಶಿಯ ಪಾಯಾಳು ರಾವಸಾಹೇಬ. ಏಕಸಂಬಿಯಿಂದ, ರಾಯಬಾಗದಿಂದ, ಅಥಣಿಯಿಂದ ಕೂಡ ಜನ ತೆಂಗಿನಕಾಯಿ ಹಿಡಿದು ಬಂದು ಅವನಿಂದ ಒದೆಸಿಕೊಂಡು ಕೃತಾರ್ಥರಾಗಿ ಹೋಗುತ್ತಿದ್ದರು. ಆದರೆ ಅಪ್ಪ ಬಿಟ್ಟುಹೋದ ಬಾವಿಯ ಸಲುವಾಗಿ ಅಣ್ಣತಮ್ಮಂದಿರ ನಡುವೆ ಮಾತು ನಿಂತು ಎಷ್ಟೋ ಸುಗ್ಗಿಗಳಾಗಿದ್ದವು. ಬಾವಿ ಇದ್ದದ್ದು ಬರೋಬರಿ ಇಬ್ಬರ ಹೊಲಗಳ ಗಡಿಯಲ್ಲಿ. "ಬಾವಿ ನಂದು" ಎಂದು ಅಣ್ಣ, "ಬಾವಿ ನಂದು" ಎಂದು ತಮ್ಮ. "ನಿನ್ನ ಹೊಸ್ತಿಲಾ ತುಳದ್ರ ಕೇಳು" ಎಂದು ಮುರಗೆಪ್ಪ ಸಿಟ್ಟಿನಲ್ಲಿ ಆಣೆ ಮಾಡಿಬಿಟ್ಟಿದ್ದ. ಈಗ ನೋವು ಇದೆ ಎಂದರೆ ಊರು ಒಂದೇ ಬಾಯಿಂದ ಹೇಳುವುದು ಏನು? ಅಣ್ಣನ ಮನೆಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲು ಎಂದು. ಅದಕ್ಕಿಂತ ನೋವು ಇಲ್ಲದಿರುವುದೇ ಮೇಲು ಎಂದು ಮುರಗೆಪ್ಪ ತೀರ್ಮಾನಿಸಿದ್ದ.

ಹಾಗಾಗಿ ತಂಬಾಕಿನ ಕೆಲಸವಿದೆ ಎಂದು ಸುಳ್ಳು ಹೇಳಿ ನಿಪ್ಪಾಣಿಗೆ ಹೋದ. ಬಸ್ ಸ್ಟ್ಯಾಂಡಿನ ಹೊರಗೆ ಒಬ್ಬ ಮನುಷ್ಯ ಚಾಪೆ ಹಾಸಿಕೊಂಡು, ರಕ್ತದೊಳಗಿನ ಕಬ್ಬಿಣವನ್ನು ಹಾದಿಗೆ ತರುವ ಪಟ್ಟಿ ಎಂದು ಮರಾಠಿಯಲ್ಲಿ ಕೂಗಿ ಮಾರುತ್ತಿದ್ದ. ದಪ್ಪ ಕ್ಯಾನ್ವಾಸಿನ ಪಟ್ಟಿ, ಅದರೊಳಗೆ ಸುತ್ತಲೂ ಕಪ್ಪು ಬಿಲ್ಲೆಗಳು. ಮುರಗೆಪ್ಪ ಅದನ್ನು ಅಂಗಿಯ ಒಳಗೆ ಬಿಗಿದು ಕಟ್ಟಿಕೊಂಡು ಊರಿಗೆ ಬಂದ. ಸ್ನಾನಕ್ಕೂ ಬಚ್ಚಲ ಬಾಗಿಲು ಹಾಕಿಕೊಂಡೇ ಬಿಚ್ಚುತ್ತಿದ್ದ. ಹೆಂಡತಿ ಅಕ್ಕವ್ವನಿಗೂ ಹೇಳಲಿಲ್ಲ.

ಅದೇ ವರ್ಷ ರಾವಸಾಹೇಬನ ಮನೆಗೆ ಬಣ್ಣದ ಟಿ.ವಿ. ಬಂತು. ಉಗಾರದಲ್ಲಿ ಇತ್ತಂತೆ, ಕಾಗವಾಡದಲ್ಲಿ ಇತ್ತಂತೆ, ಕರೋಶಿಗೆ ಮಾತ್ರ ಇದೇ ಮೊದಲು. ಭಾನುವಾರ ಬೆಳಿಗ್ಗೆ ದೇವರ ಕಥೆ ಬರುವ ಹೊತ್ತಿಗೆ ಇಡೀ ಊರು ಚಪ್ಪಲಿ ಹೊರಗೆ ಬಿಟ್ಟು ಪಡಸಾಲೆಯಲ್ಲಿ ತುಂಬಿಕೊಳ್ಳುತ್ತಿತ್ತು. ರಾವಸಾಹೇಬನ ಹೆಂಡತಿ ಗೌರಾಬಾಯಿ ಪೆಟ್ಟಿಗೆಗೆ ಗಂಧ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದಳು. ಅಣ್ಣತಮ್ಮಂದಿರ ಸೋದರತ್ತೆ ದುಂಡವ್ವ, ಟಿ.ವಿ. ಹಚ್ಚಿದ ಕೂಡಲೇ ಗಾಜನ್ನು ಮುಟ್ಟಿ ನಮಸ್ಕರಿಸಲು ಹೋದವಳು, ಚಿಟಿಚಿಟಿ ಸದ್ದಿಗೆ ಕೈ ಹಿಂದೆ ತೆಗೆದಳು. ಅವಳ ಮುಂಗೈಯ ನರೆಗೂದಲೆಲ್ಲ ಗಾಜಿನ ಕಡೆಗೆ ನಿಮಿರಿ ನಿಂತಿದ್ದವು.

"ಅಗ ಬಾಯಿ! ಕೂದಲ ನೋಡ್ರೆ! ದೇವರು ಒಳಗ ಬಂದಾನ!" ಎಂದು ಕೂಗಿದಳು.

ಅಂದಿನಿಂದ ಟಿ.ವಿ. ಹಚ್ಚಿದ ಕೂಡಲೇ ಊರವರು ಸಾಲು ಹಚ್ಚಿ, ಕೈ ಚಾಚಿ, ಕೂದಲು ನಿಮಿರಿಸಿಕೊಂಡು ಕೂರುವ ಪದ್ಧತಿಯಾಯಿತು. ಕೂದಲು ಏಳದವನ ನಡತೆಯ ಬಗ್ಗೆ ಗುಸುಗುಸು ಆಗುತ್ತಿತ್ತು.

ಮುರಗೆಪ್ಪ ಮಾತ್ರ ಮನೆಯಲ್ಲಿ ಒಬ್ಬನೇ ಕುಳಿತಿರುತ್ತಿದ್ದ. ಅಕ್ಕವ್ವ ನೋಡಿ ಬಂದು, ರಥ ಹೆಂಗಿತ್ತು, ಬಾಣದಿಂದ ಬೆಂಕಿ ಹೆಂಗೆ ಹೊರಟಿತು ಎಂದು ಬೇಕೆಂದೇ ವಿಸ್ತಾರವಾಗಿ ಹೇಳುತ್ತಿದ್ದಳು. ಅವನ ಮುಖ ಹುಳ್ಳಗಾಗುತ್ತಿತ್ತು. ಕೊನೆಗೆ ದುಂಡವ್ವನೇ ದಾರಿ ಕಂಡುಹಿಡಿದಳು.

"ಅದ ಈಗ ನಿಮ್ಮಣ್ಣನ ಮನಿ ಅಲ್ಲೋ, ದೇವರ ಮನಿ. ಗುಡಿ ಹೊಸ್ತಿಲಕ್ಕ ಎಂಥಾ ಆಣಿ? ಬಾ ಸುಮ್ಮ."

ಆ ಭಾನುವಾರ ಮುರಗೆಪ್ಪ ಕೋಟು ರುಮಾಲು ಹಾಕಿಕೊಂಡು ಅಣ್ಣನ ಮನೆಗೆ ಹೋದ. ರಾವಸಾಹೇಬ ಅವನನ್ನು ನೋಡಿಯೂ ನೋಡದಂತೆ ಜಂತಿ ನೋಡುತ್ತ ನಿಂತ. ಗೌರಾಬಾಯಿ ಬಾಯಿ ಬಿಡದೆ, ಮನೆಯ ಮಗನಿಗೆ ಸಲ್ಲಬೇಕಾದ ಮರ್ಯಾದೆ ಎಂದು, ಟಿ.ವಿ.ಯ ಮಗ್ಗುಲಿಗೇ ಒಂದು ಸ್ಟೂಲು ನೂಕಿದಳು. ನೆಲದ ಮೇಲೆ ಕೂರಲು ಬೆನ್ನು ಬಾಗದಿದ್ದ ಮುರಗೆಪ್ಪನಿಗೆ ಕಣ್ಣಲ್ಲಿ ನೀರು ಬಂತು. ಅವನು ಕಂಬದಂತೆ ನೆಟ್ಟಗೆ ಕುಳಿತ.

ದೇವರು ಪ್ರತ್ಯಕ್ಷನಾದ. ಪ್ರತ್ಯಕ್ಷನಾದವನ ಮುಖ ಹಸಿರಾಗಿತ್ತು. ಕಿರೀಟ ಬಾಗಿತ್ತು. ಮೂಗು, ಕಣ್ಣು, ಎತ್ತಿದ ಅಭಯಹಸ್ತ ಎಲ್ಲವೂ ಪರದೆಯ ಮೇಲೆ ಓರೆಯಾಗಿ ಮುರಗೆಪ್ಪನ ಕಡೆಗೆ ಜಗ್ಗಿಕೊಂಡು ನಿಂತಿದ್ದವು.

"ವಾಲ್ಯಾನ! ಮುರಗೆಪ್ಪನ ಕಡಿ ವಾಲ್ಯಾನ!" ಎಂದ ಗುಡಿಯ ಪೂಜಾರಿ ಮಲಕಾರಿ.

ಮಲಕಾರಿ ದೇವರ ಕೌಲು ಕೇಳುವುದರಲ್ಲಿ ಪಳಗಿದವನು. ಮೂರ್ತಿಗೆ ಹಸಿ ಹೂವಿನ ಎಸಳು ಅಂಟಿಸಿ ಪ್ರಶ್ನೆ ಕೇಳಿದರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ. ಅದು ಆ ನಾಡಿನ ಕೌಲು. ಇಲ್ಲಿ ಹೂವಿನ ಕೆಲಸವನ್ನು ದೇವರೇ ಸ್ವತಃ ಮಾಡುತ್ತಿದ್ದಾನೆ ಎಂದು ಮಲಕಾರಿಗೆ ಕೂಡಲೇ ಹೊಳೆಯಿತು. ಪರೀಕ್ಷೆ ಮಾಡಿದರು. ಮುರಗೆಪ್ಪನನ್ನು ಹೊರಗೆ ಕಳಿಸಿದರೆ ದೇವರು ನೆಟ್ಟಗಾಗುತ್ತಿದ್ದ. ಒಳಗೆ ಕರೆದರೆ ವಾಲುತ್ತಿದ್ದ. ಮುರಗೆಪ್ಪ ನೋವು ತಾಳದೆ ಮಗ್ಗುಲು ಬದಲಿಸಿದರೆ ದೇವರು ಆಚೆ ಕಡೆಗೆ ವಾಲುತ್ತಿದ್ದ. ಇದಕ್ಕಿಂತ ಸ್ಪಷ್ಟವಾದ ಕೌಲನ್ನು ಯಾರೂ ಕಂಡಿರಲಿಲ್ಲ. ವಾಲಿದರೆ ಹೌದು, ಆಚೆ ಸರಿದರೆ ಅಲ್ಲ ಎಂದು ಮಲಕಾರಿ ಕಾಯಿದೆ ಮಾಡಿದ.

ಮುಂದಿನ ಭಾನುವಾರಗಳಲ್ಲಿ ಕರೋಶಿಯ ವ್ಯವಹಾರವೆಲ್ಲ ಮುರಗೆಪ್ಪನ ಟೊಂಕದ ಮೇಲೆ ನಿಂತಿತು. ಸತ್ಯಪ್ಪ ಎಮ್ಮೆ ಕೊಳ್ಳಬೇಕೇ ಎಂದು ಕೇಳಿದಾಗ ಎಡಗಡೆ ಚುಚ್ಚಿತು, ಎಮ್ಮೆ ಬೇಡವಾಯಿತು. ಲಗಮಣ್ಣ ದ್ರಾಕ್ಷಿ ಹಚ್ಚಲೇ ಎಂದು ಕೇಳಿದಾಗ ಬಲಗಡೆ ಚುಚ್ಚಿತು, ದ್ರಾಕ್ಷಿ ಹಚ್ಚಿದ. ಹೆಂಗಸರು ಬಾಗಿ ಕಾಲು ಮುಟ್ಟಿದರೆ, ಬಾಗಿ ಆಶೀರ್ವಾದ ಮಾಡಲಾಗದ ಮುರಗೆಪ್ಪ ನೆಟ್ಟಗೆ ನಿಂತೇ ಕೈ ಎತ್ತುತ್ತಿದ್ದ. ಎಷ್ಟು ಘನತೆ ಬಂದೈತಿ ನೋಡು ಎಂದು ಜನ ಬೆರಗಾಗುತ್ತಿದ್ದರು. ಅವನಿಗೂ ತನ್ನಲ್ಲಿ ಏನೋ ಇದೆ ಎಂಬ ಅನುಮಾನ ಶುರುವಾಗಿತ್ತು. ಮನುಷ್ಯನಿಗೆ ಇಂಥ ಅನುಮಾನ ಬಹಳ ಬೇಗ ಬರುತ್ತದೆ.

ರಾವಸಾಹೇಬ ಕುದಿಯುತ್ತಿದ್ದ. ಟಿ.ವಿ. ಅವನದು, ಕರೆಂಟು ಅವನದು, ಗಂಧ ಹೂವು ಅವನ ಹೆಂಡತಿಯವು, ದೇವರು ಮಾತ್ರ ತಮ್ಮನ ಕಡೆ. ಸಾಲದ್ದಕ್ಕೆ ಪರದೆಯ ಮೇಲೆ ಸ್ಟೂಲಿನ ಕಡೆಯ ಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಕಾಯಂ ಆಗಿ ನಿಂತುಬಿಟ್ಟಿತ್ತು. ವಾರದ ದಿನಗಳಲ್ಲಿ ವಾರ್ತೆ ಓದುವ ಹೆಣ್ಣುಮಗಳಿಗೂ ಒಂದು ಗಲ್ಲ ಬದನೆಕಾಯಿಯ ಬಣ್ಣದ್ದಾಗಿತ್ತು.

ಇಂಥ ಹೊತ್ತಿನಲ್ಲಿ ದುಂಡವ್ವ ಎಲ್ಲರೆದುರು ಹೇಳಿದಳು: "ಊರ ಮಂದಿ ಎಮ್ಮಿ ಕೇಳ್ತಾರ, ದ್ರಾಕ್ಷಿ ಕೇಳ್ತಾರ. ನಮ್ಮ ಮನಿ ಬಾವಿ ಯಾಕ ಕೇಳಬಾರದು? ಬರೂ ಐತವಾರ ಇಬ್ಬರೂ ಎರಡ ಮಗ್ಗಲಾ ಕುಂಡರ್ರಿ. ದೇವರು ಯಾರ ಕಡಿ ವಾಲತಾನೋ ಬಾವಿ ಅವರದು."

ಊರು ಹೌದೆಂದಿತು. ರಾವಸಾಹೇಬನ ಮುಖ ಬಾಡಿತು. ಮುರಗೆಪ್ಪನ ಮುಖ ಅರಳಿತು. ಬಾವಿ ಕೈಗೆ ಬಂದಂತೆಯೇ ಎಂದು ಅವನು ಮನೆಗೆ ಹೋಗಿ ಅಂಗಳದಲ್ಲಿ ಕುಳಿತ.

ಅಕ್ಕವ್ವ ಪಕ್ಕದಲ್ಲಿ ಕೌದಿ ಹೊಲಿಯುತ್ತಿದ್ದಳು. ಅವಳ ಸೂಜಿ ಕಳೆಯಿತು. ಕೌದಿ ಝಾಡಿಸಿದಳು, ನೆಲ ಸವರಿದಳು. ಕೊನೆಗೆ ನೋಡಿದರೆ ಸೂಜಿ ಗಂಡನ ಟೊಂಕದ ಮೇಲೆ, ಅಂಗಿಗೆ ಅಂಟಿಕೊಂಡು ನೆಟ್ಟಗೆ ನಿಂತಿತ್ತು. ಅವಳು ಎದ್ದು ಹೋಗಿ ಕಳೆ ಕೀಳುವ ಕುರ್ಪಿ ತಂದು ಹತ್ತಿರ ಹಿಡಿದಳು. ಅದೂ ಹೋಗಿ ಅಂಟಿತು. ಅಂಗಿ ಎತ್ತಿ ನೋಡಿದಳು.

"ನೋವ ಇಲ್ಲದ ಬೆನ್ನಿಗೆ ಇಷ್ಟ ದೊಡ್ಡ ಪಟ್ಟಿ ಯಾಕ್ರಿ?"

"ಥಂಡಿ ಗಾಳಿ ತಾಗಬಾರ್ದಂತ."

"ಚೈತ್ರದಾಗ?"

ಅದೇ ಹೊತ್ತಿಗೆ ಹಾದಿಯಲ್ಲಿ ಜಿನ್ನಪ್ಪ ಮಾಸ್ತರರು ಹೋಗುತ್ತಿದ್ದರು. ಚಿಕ್ಕೋಡಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ತರಗತಿಯ ಹೊರಗೆ ಅವರಿಗೆ ಯಾರೂ ಒಂದು ವಿಜ್ಞಾನದ ಪ್ರಶ್ನೆಯನ್ನು ಅದುವರೆಗೆ ಕೇಳಿರಲಿಲ್ಲ. ಅಕ್ಕವ್ವ ಕರೆದು ಕೇಳಿದಾಗ ಅವರು ಹೋಗುವ ಹಾದಿ ಬಿಟ್ಟು ಅಂಗಳಕ್ಕೆ ಬಂದು ಕುಳಿತೇಬಿಟ್ಟರು. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿ ಶುರುಮಾಡಿದರು.

"ಟಿ.ವಿ. ಅಂದ್ರ ಒಂದು ಗಾಜಿನ ಬುರುಡಿ ಐತಿ. ಅದರ ಹಿಂದಿನ ಕುತ್ತಿಗ್ಯಾಗಿಂದ ಕಣ್ಣಿಗೆ ಕಾಣದ ಋಣ ವಿದ್ಯುತ್ತಿನ ಕಣ ಮುಂದಿನ ಗಾಜಿಗೆ ಓಡಿ ಬಂದು ಬಡೀತಾವ. ಬಡದಲ್ಲಿ ಬೆಳಕು. ಆ ಬೆಳಕಿನಾಗಿಂದ ಚಿತ್ರ. ಈಗ ಕೇಳ್ರಿ, ಸುಮ್ಮ ಕುಂತ ಕಣಕ್ಕ ಅಯಸ್ಕಾಂತ ಏನೂ ಮಾಡಂಗಿಲ್ಲ. ಓಡೋ ಕಣಕ್ಕಷ್ಟ ಅದರ ಕಾಟ. ಮುಂದಕ್ಕೂ ಎಳ್ಯಂಗಿಲ್ಲ, ಹಿಂದಕ್ಕೂ ಎಳ್ಯಂಗಿಲ್ಲ, ಮಗ್ಗಲಿಗೆ ದೂಡತೈತಿ. ನಿಮ್ಮ ಯಜಮಾನರ ಟೊಂಕದಾಗ ಅಯಸ್ಕಾಂತ ಐತಿ. ಕಣ ಹಾದಿ ತಪ್ಪತಾವ, ಗಾಜಿನ ಮ್ಯಾಲಿನ ಕೆಂಪ ಚುಕ್ಕಿಗೆ ಬಡಿಯೂವು ಹಸರ ಚುಕ್ಕಿಗೆ ಬಡೀತಾವ. ಚಿತ್ರ ವಾಲತೈತಿ."

"ದುಂಡವ್ವನ ಕೂದಲಾ?"

"ಗಾಜಿನ ಮ್ಯಾಲ ಕೂಡಿದ ವಿದ್ಯುತ್ತು ಎಳೀತೈತಿ. ನಿಮ್ಮ ಕೂದಲಾನೂ ಎಳೀತೈತಿ, ಕಳ್ಳನ ಕೂದಲಾನೂ ಎಳೀತೈತಿ."

ಅಕ್ಕವ್ವ ಗಂಡನ ಟೊಂಕದಿಂದ ಕುರ್ಪಿಯನ್ನು ಕಿತ್ತಳು. "ಅಂದ್ರ ದೇವರು ನಮ್ಮವರ ಕಡಿ ವಾಲಿಲ್ಲ?"

"ಇಲ್ಲವ್ವಾ. ಕಣ ವಾಲ್ಯಾವ."

"ಐತವಾರ ಮುಗಿಯೂತನಕ ಇದನ್ನ ಬಾಯಾಗ ಇಟಗೋರಿ, ಮಾಸ್ತರ."

ಮುರಗೆಪ್ಪ ಕುಗ್ಗಿಹೋದ. ತನ್ನಲ್ಲಿ ಏನೂ ಇಲ್ಲ ಎಂಬ ಸುದ್ದಿ ಅವನಿಗೆ ಟೊಂಕದ ನೋವಿಗಿಂತ ಹೆಚ್ಚು ನೋವು ಕೊಟ್ಟಿತು. ಐತವಾರ ಪಟ್ಟಿ ಬಿಚ್ಚಿಟ್ಟು ಹೋಗಲೇ ಎಂದು ಹೆಂಡತಿಯನ್ನು ಕೇಳಿದ. "ಬಾವಿ ಬ್ಯಾಡಾಗಿದ್ರ ಬಿಚ್ಚಿ ಹೋಗ್ರಿ" ಎಂದಳು ಅವಳು. ಪಟ್ಟಿ ಬಿಚ್ಚಿದರೆ ಸ್ಟೂಲಿನ ಮೇಲೆ ಕೂರಲೂ ಆಗುವುದಿಲ್ಲ ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಜಿನ್ನಪ್ಪ ಮಾಸ್ತರರು ಆಣೆಯನ್ನು ರಾವಸಾಹೇಬನ ಮನೆಯ ಕಟ್ಟೆಯವರೆಗೆ ಕಾಪಾಡಿದರು. ಅಲ್ಲಿಯೂ ಅವರು ಮುರಗೆಪ್ಪನ ಹೆಸರು ಎತ್ತಲಿಲ್ಲ. ತತ್ತ್ವವನ್ನಷ್ಟೇ ಹೇಳಿದರು. ಎಡಗೈಯ ಮೂರು ಬೆರಳನ್ನು ಒಂದಕ್ಕೊಂದು ಅಡ್ಡವಾಗಿ ನಿಲ್ಲಿಸಿ, ತೋರುಬೆರಳು ಅಯಸ್ಕಾಂತದ ದಿಕ್ಕು, ನಡುಬೆರಳು ಕರೆಂಟಿನ ದಿಕ್ಕು, ಹೆಬ್ಬೆರಳು ದೂಡುವ ದಿಕ್ಕು ಎಂದು ರಾವಸಾಹೇಬನ ಮೂಗಿನ ಮುಂದೆ ಹಿಡಿದರು.

"ಊಟದ ಹೊತ್ತಿನಾಗ ಎಡಗೈ ತೋರಸ್ತೀರಲ್ರಿ, ಮಾಸ್ತರ!" ಎಂದು ಗೌರಾಬಾಯಿ ಒಳಗಿನಿಂದ ಬೈದಳು.

ರಾವಸಾಹೇಬ ಬೈಯಲಿಲ್ಲ. ಅವನು ಬೆರಳುಗಳನ್ನು ದೇವರ ಮೂರ್ತಿಯಂತೆ ನೋಡುತ್ತಿದ್ದ. ಮರುದಿನ ಭಜನಿ ಮಂಡಳಿಯ ಕೆಟ್ಟುಹೋದ ಲೌಡ್‌ಸ್ಪೀಕರನ್ನು ರಿಪೇರಿ ಮಾಡಿಸಿಕೊಡುತ್ತೇನೆಂದು ತಾನಾಗಿ ಮನೆಗೆ ಒಯ್ದ. ಈ ಹಿಂದೆ ಭಜನೆ ಎಂದರೆ ಮಾರು ದೂರ ಹೋಗುತ್ತಿದ್ದವನು. ಐತವಾರ ಬೇಗ ಬರಲಿ ಎಂದು ಅವನು ಎಲ್ಲರಿಗಿಂತ ಹೆಚ್ಚು ಅವಸರ ಮಾಡತೊಡಗಿದಾಗ ಊರಿಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಐತವಾರ ಬಂತು. ಪಡಸಾಲೆ ತುಂಬಿ, ಕಿಡಕಿಯಲ್ಲಿ ಜನ ಜೋತುಬಿದ್ದಿದ್ದರು. ಟಿ.ವಿ.ಯ ಬಲಕ್ಕೆ ಮುರಗೆಪ್ಪ, ಎಡಕ್ಕೆ ರಾವಸಾಹೇಬ. ರಾವಸಾಹೇಬನ ಹೊಟ್ಟೆ ಎಂದಿಗಿಂತ ಮುಂದೆ ಬಂದಂತಿತ್ತು. ಮಲಕಾರಿ ಕರ್ಪೂರ ಹಚ್ಚಿ, "ಬಾವಿ ಯಾರದು? ನಿನ್ನ ಮನಸ್ಸಿನಾಗ ಇದ್ದದ್ದು ತೋರಸಪ್ಪಾ" ಎಂದು ಕೂಗಿದ.

ದೇವರು ಬಂದ. ಬಂದವನ ಮುಖ ಎರಡೂ ಕಡೆಗೆ ಜಗ್ಗಿಕೊಂಡು ಜೋಳದ ರೊಟ್ಟಿಯಷ್ಟು ಅಗಲವಾಯಿತು. ಒಂದು ಕಣ್ಣು ಅಣ್ಣನ ಕಡೆ ಹೋಯಿತು, ಇನ್ನೊಂದು ತಮ್ಮನ ಕಡೆ. ಅರ್ಧ ಮುಖ ಹಸಿರು, ಅರ್ಧ ಮುಖ ನೇರಳೆ. ಯಾರದೋ ಕೂಸು ಕಿಟಾರನೆ ಚೀರಿತು. ಮಲಕಾರಿ ಆರತಿ ಎತ್ತುವುದನ್ನೇ ಮರೆತ. ಒಂದೇ ಹೂವು ಎರಡೂ ಕಡೆಗೆ ಬಿದ್ದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮುರಗೆಪ್ಪ ದೇವರನ್ನು ತನ್ನ ಕಡೆಗೆ ಇನ್ನಷ್ಟು ಎಳೆಯಲು ಸ್ಟೂಲಿನಿಂದ ಎದ್ದು ಒಂದು ಹೆಜ್ಜೆ ಪರದೆಯ ಮುಂದಕ್ಕೆ ಸರಿದ. ರಾವಸಾಹೇಬನೂ ಸರಿದ. ಇವನು ಇನ್ನೊಂದು ಹೆಜ್ಜೆ, ಅವನು ಇನ್ನೊಂದು ಹೆಜ್ಜೆ. ದೇವರ ಬಾಯಿ ಕಿವಿಯವರೆಗೆ ಹೋಗಿ, ಅವನು ನರಳಿದಂತಾಯಿತು. ಇಬ್ಬರೂ ನಟ್ಟನಡುವೆ ಎದುರುಬದುರಾದರು. ಟಪ್ ಎಂದು ಸದ್ದಾಯಿತು. ಪಟ್ಟಿಯ ಬಿಲ್ಲೆಗಳೂ ಲೌಡ್‌ಸ್ಪೀಕರಿನ ಅಯಸ್ಕಾಂತವೂ ಅಂಗಿ ಧೋತರಗಳ ಸಮೇತ ಒಂದಕ್ಕೊಂದು ಕಚ್ಚಿಕೊಂಡವು. ಅಣ್ಣನ ಹೊಟ್ಟೆ ತಮ್ಮನ ಹೊಟ್ಟೆಗೆ ಅಂಟಿತು.

"ಸರಿಯೋ" ಎಂದ ರಾವಸಾಹೇಬ ಹಲ್ಲು ಕಚ್ಚಿ. ಎಷ್ಟೋ ವರ್ಷಗಳ ಮೇಲೆ ಅವನು ತಮ್ಮನಿಗೆ ಆಡಿದ ಮೊದಲ ಮಾತು ಅದು.

"ನೀ ಸರಿ."

"ಜಗ್ಗಬ್ಯಾಡಲೇ! ಧೋತರ ಬಿಚ್ಚತೈತಿ!"

ಹಿಂದೆ ಕುಳಿತ ಊರಿಗೆ ಕಂಡದ್ದು ಬೇರೆ. ಬೀಳದಿರಲು ಅಣ್ಣ ತಮ್ಮನ ಹೆಗಲು ಹಿಡಿದಿದ್ದ, ತಮ್ಮ ಅಣ್ಣನ ತೋಳು ಹಿಡಿದಿದ್ದ. ಜನ್ಮದ ವೈರಿಗಳು ದೇವರ ಸಮಕ್ಷಮ ಅಪ್ಪಿಕೊಂಡಿದ್ದರು. ದುಂಡವ್ವ ಗೊಳೋ ಎಂದು ಅತ್ತಳು. ಅಕ್ಕವ್ವ ಮತ್ತು ಗೌರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು, ನಗುವಿಗೋ ಅಳುವಿಗೋ ಹೇಳುವುದು ಕಷ್ಟ.

"ಇದು ವಿರುದ್ಧ ಧ್ರುವಗಳು ಒಂದನ್ನೊಂದು..." ಎಂದು ಜಿನ್ನಪ್ಪ ಮಾಸ್ತರರು ಎದ್ದುನಿಂತರು.

"ಕುಂಡರ್ರಿ ಮಾಸ್ತರ, ಅಣ್ಣತಮ್ಮರು ಕೂಡ್ಯಾರ!" ಎಂದು ದುಂಡವ್ವ ಗದರಿದಳು. ಮಲಕಾರಿ ಆರತಿ ಮೇಲೆತ್ತಿ, ಬಾವಿ ಇಬ್ಬರದೂ ಎಂದು ದೇವರು ತೋರಿಸಿದ್ದಾನೆ ಎಂದು ಸಾರಿದ. ಊರು ಜಯಕಾರ ಹಾಕಿತು. ಅಂಟಿಕೊಂಡವರು ಬೇಡ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ. ಕೈ ಹಾಗೇ ಹಿಡಿದುಕೊಂಡು, ಅಡ್ಡಡ್ಡ ಹೆಜ್ಜೆ ಹಾಕುತ್ತ, ಹಿತ್ತಲಿನ ದನದ ಕೊಟ್ಟಿಗೆಗೆ ನಡೆದರು. ಒಳಗೆ ಹೋಗಿ ರಾವಸಾಹೇಬ ಅಗಳಿ ಹಾಕಿ, ಬಾಗಿಲ ಬಳಿ ಬಿಟ್ಟಿದ್ದ ಕೊಟ್ಟಿಗೆಯ ಚಪ್ಪಲಿ ಮೆಟ್ಟಿಕೊಂಡ.

ನೊಗದ ಗೂಟವನ್ನು ನಡುವೆ ಸಿಕ್ಕಿಸಿ ಮೀಟಿ ಬಿಡಿಸಿಕೊಂಡರು. ಅಯಸ್ಕಾಂತ ಧೊಪ್ಪನೆ ಕೆಳಗೆ ಬಿತ್ತು. ಪಟ್ಟಿಯೂ ಕಳಚಿಬಿತ್ತು. ಇಬ್ಬರೂ ಅವನ್ನು ನೋಡಿದರು. ಎಮ್ಮೆಯೂ ನೋಡಿತು.

"ನಾ ಬಾವಿ ಸಲುವಾಗಿ ಕಟಗೊಂಡೆ. ಸುಳ್ಳ ಯಾಕ ಹೇಳಲಿ" ಎಂದ ರಾವಸಾಹೇಬ. "ನೀ ಮದಲಿಂದನ ಕಟಗೊಂಡಿ. ಯಾಕ?"

"ಸುಮ್ಮನ" ಎಂದ ಮುರಗೆಪ್ಪ. ಪಟ್ಟಿ ಎತ್ತಿಕೊಳ್ಳಲು ಬಾಗಿದ. ಬಾಗಿದವನಿಗೆ ಏಳಲಾಗಲಿಲ್ಲ. ಎಮ್ಮೆ ಮೇವು ತಿನ್ನುವ ಗ್ವಾದಲಿ ಹಿಡಿದುಕೊಂಡು, ನೆಲ ನೋಡುತ್ತ, ಹಾಗೇ ನಿಂತ.

ರಾವಸಾಹೇಬ ಸುತ್ತಿ ಬಂದು ನೋಡಿದ. ಊರಿಗೆಲ್ಲ ಟೊಂಕ ನೋಡಿದ ಕಣ್ಣು ಅದು.

"ಗುಂಡ ಎತ್ತಿದ ದಿನದಿಂದನ?"

ಮುರಗೆಪ್ಪ ಗ್ವಾದಲಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

"ಅಥಣ್ಯಾಗಿಂದ ಬರ್ತಾರೋ, ಗುರುತ ಪರಿಚಯ ಇಲ್ಲದವರು. ಬಂದ ಒದಿಸ್ಕೊಂಡ ಹೋಗ್ತಾರ. ನಾಕ ಮನಿ ಆಚಿ ನನ್ನ ತಮ್ಮ ನಿಪ್ಪಾಣಿಗೆ ಹೋಗಿ ಪಟ್ಟಿ ಕಟಗೊಂಡ ಬರ್ತಾನ." ರಾವಸಾಹೇಬ ಸಿಟ್ಟಿನಿಂದ ಚಪ್ಪಲಿ ಬಿಟ್ಟ. "ಹಂಗ ನಿಲ್ಲು. ಅಲ್ಲಾಡಬ್ಯಾಡ."

ಬಲಗಾಲು ಎತ್ತಿ, ದೇವರ ಹೆಸರು ಹೇಳಿ, ತಮ್ಮನ ಟೊಂಕಕ್ಕೆ ಮೆತ್ತಗೆ ಒದ್ದ. ಅಷ್ಟು ಮೆತ್ತಗೆ ಅವನು ಅದುವರೆಗೆ ಯಾರನ್ನೂ ಒದ್ದಿರಲಿಲ್ಲ. ಮುರಗೆಪ್ಪ ನಿಧಾನವಾಗಿ ನೆಟ್ಟಗಾದ. ಅವನ ಗಲ್ಲ ಒದ್ದೆಯಾಗಿತ್ತು.

"ಹೋತೇನೋ ನೋವು?"

ಇಷ್ಟು ದಿನ ಊರಿಗೆಲ್ಲ ನೋವಿಲ್ಲ ಎಂದು ಸಾರಿದ ಮನುಷ್ಯ ಅಣ್ಣನ ಮುಖ ನೋಡಿದ.

"ಇಲ್ಲಣ್ಣಾ. ಇನ್ನೂ ಐತಿ."

ರಾವಸಾಹೇಬ ಚಪ್ಪಲಿ ಮೆಟ್ಟಿಕೊಂಡು ಅಗಳಿ ತೆಗೆದ.

"ಹಂಗಾದ್ರ ನಾಳೆನೂ ಬಾ" ಎಂದ.